ಬಾಲು ಬುಟ್ಟಿಗೆ, ಬೆನ್ನು ನೆಟ್ಟಗೆ

ನೋಡಿ, ಮತ್ತೆ ಶುರುವಾಯಿತು. ಪೆನ್ನಿನ ಮುಚ್ಚಳ ತೆಗೆದಿದ್ದೇ ತಡ, ಅಡುಗೆಮನೆಯಿಂದ ಅತ್ತೆ "ಉಪ್ಪಿನ ಡಬ್ಬ ಎಲ್ಲಿ ಮಡಗಿದ್ದೀಯೇ?" ಎಂದು ಕೂಗಿದರು. ಡಬ್ಬ ಅವರ ಮೊಣಕೈ ಪಕ್ಕದಲ್ಲೇ ಇತ್ತು. ತೋರಿಸಿ ಬಂದು ಕೂತರೆ ಚಿಕ್ಕ ಮಗ ಮೂಗಿಗೆ ಕಡಲೆಬೀಜ ತುರುಕಿಕೊಂಡು ಬಂದು ನಿಂತ. ಅವನನ್ನು ಸೀನಿಸಿ ಅದನ್ನು ತೆಗೆದು ಮತ್ತೆ ಕೂತರೆ, ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. "ಏನೋ ಬರೀತಾ ಇದ್ದೀರಿ ಪಾಪ, ನಿಲ್ಲಿಸಬೇಡಿ" ಎಂದು ಹೇಳಿ, ಮೊಸರು ಹುಳಿಯಾಗುವಷ್ಟು ಹೊತ್ತು ಕೂತು ಹೋದರು. ದೊಡ್ಡ ದೊಡ್ಡ ಲೇಖಕರು ಅಷ್ಟೆಲ್ಲ ಹೇಗೆ ಬರೆಯುತ್ತಾರೋ ನನಗೆ ತಿಳಿಯದು. ಅವರ ಮನೆಯಲ್ಲಿ ಉಪ್ಪಿನ ಡಬ್ಬ ತೋರಿಸುವುದಕ್ಕೆ ಬೇರೆ ಯಾರೋ ಇರಬೇಕು.

ನಾನು ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿ, ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದವಳು. ಈ ಮನೆಯಲ್ಲಿ ಪುರುಸೊತ್ತಿಗೆ ಬರ, ನಗುವ ಸಂಗತಿಗಳಿಗಲ್ಲ. ಅದರಲ್ಲೂ ದೊಡ್ಡ ಮಗಳನ್ನು ಬ್ಯಾಸ್ಕೆಟ್ ಬಾಲ್ ಆಟಕ್ಕೆ ಹೊರಡಿಸಿದ ವರ್ಷವಂತೂ, ಒಂದನ್ನು ನೆನೆದು ನಕ್ಕು ಮುಗಿಸುವ ಮೊದಲೇ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಹೂವಿನ ಸಾಲಿನಲ್ಲಿ

ಮಗಳಿಗೆ ಆಗ ಹನ್ನೊಂದು ತುಂಬಿತ್ತು. ನನ್ನ ತವರಿನವರ ಎತ್ತರ ಅವಳಿಗೆ ಬಂದಿತ್ತು, ಅವಳಪ್ಪನ ಕಡೆಯವರೆಲ್ಲ ಗಿಡ್ಡ. ಕ್ಲಾಸಿನಲ್ಲಿ ಕೊನೆಯ ಬೆಂಚು, ಸಾಲಿನಲ್ಲಿ ಕೊನೆಯ ಜಾಗ. ಬೀದಿಯಲ್ಲಿ ಹೋದರೆ "ಕರೆಂಟು ಕಂಬ ಬಂತು ಕಣ್ರೋ" ಎಂದು ಹುಡುಗರು ಕೂಗುವುದು. ಪಾಪದ್ದು, ಎಲ್ಲರಷ್ಟೇ ಕಾಣಲಿ ಎಂದು ಕತ್ತು ಬಗ್ಗಿಸಿತು, ಆಮೇಲೆ ಭುಜ ಬಗ್ಗಿಸಿತು, ಕೊನೆಗೆ ಬೆನ್ನನ್ನೇ ಬಗ್ಗಿಸಿಕೊಂಡು ಓಡಾಡತೊಡಗಿತು. ತರಕಾರಿಯವನು ಒಂದು ದಿನ "ಏನವ್ವಾ, ಮಗೀಗೆ ಬೆನ್ನು ನೋವಾ?" ಎಂದು ಕೇಳಿದ. "ಬೆನ್ನು ಚೆನ್ನಾಗೇ ಇದೆ ಕಣಪ್ಪ, ನೋಯ್ತಾ ಇರೋದು ಬೀದಿಯವರ ಕಣ್ಣು" ಎಂದೆ. ಬಾಯಲ್ಲಿ ಹಾಗೆಂದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹನ್ನೊಂದಕ್ಕೇ ಬಗ್ಗಿದ ಬೆನ್ನು ಮುಂದೆ ಯಾವಾಗ ನೆಟ್ಟಗಾದೀತು?

ಅದೇ ವಾರ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ, ಮೇಲೆ ನೇತುಹಾಕಿದ್ದ ಸೇವಂತಿಗೆ ಹಾರ ಕೇಳಿದೆ. ಹೂವಿನವನು ಅದನ್ನು ಇಳಿಸಲು ಮೋಟು ದೋಟಿಯಲ್ಲಿ ತಡಕಾಡುತ್ತಿದ್ದ. ಮಗಳು ಮೆಲ್ಲಗೆ ಕೈ ಎತ್ತಿ ಹಾರ ತೆಗೆದು ನನ್ನ ಕೈಗಿಟ್ಟಳು. ಪಕ್ಕದಲ್ಲೇ ತುಳಸಿ ಕೊಳ್ಳುತ್ತಿದ್ದ ಅವಳ ಸ್ಕೂಲಿನ ಡ್ರಿಲ್ ಮೇಷ್ಟ್ರು ತುಳಸಿಯನ್ನು ಅಲ್ಲೇ ಬಿಟ್ಟು ಓಡಿಬಂದರು.

"ತಾಯೀ, ಈ ಮಗೂನ ನನಗೆ ಕೊಡಿ! ಹುಡುಗಿಯರ ಬ್ಯಾಸ್ಕೆಟ್ ಬಾಲ್ ಟೀಮು ಕಟ್ತಾ ಇದ್ದೀನಿ. ನಾಲ್ಕು ಜನ ಇದ್ದಾರೆ, ಐದನೆಯವಳು ಸಿಕ್ಕಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಹೂವಿನವನು ಹೇಳಿದ: "ಮೊದ್ಲು ನಂಗೆ ಕೊಡ್ಸಿ ಮೇಷ್ಟ್ರೇ. ನನ್ನ ದೋಟಿ ಮುರಿದೋಗಿ ವಾರ ಆಯ್ತು."

ಕಪ್ಪೆಯ ವಿಚಾರ

"ನಾನು ಹೋಗಲ್ಲ. ಎಲ್ಲಾರೂ ನೋಡ್ತಾರೆ" ಎಂದು ಮಗಳು ಹಟ ಹಿಡಿದಳು.

ನಮ್ಮವರು ಅವಳನ್ನು ಕೂರಿಸಿಕೊಂಡು ವ್ಯಾಯಾಮದ ಮಹತ್ವ ಹೇಳಿದರು. ನಮ್ಮವರು ಅಂಗಡಿಗೆ ಎರಡು ಬೀದಿ ಆಚೆ ಹೋಗಲು ಟಾಂಗಾ ಹುಡುಕುವವರು. ಮಗಳು ಗೌರವದಿಂದ ಎಲ್ಲವನ್ನೂ ಕೇಳಿ, "ಹಾಗಾದ್ರೆ ನೀವೇ ಹೋಗಿ ಅಪ್ಪಾ" ಎಂದಳು. ವ್ಯಾಯಾಮ ಅಲ್ಲಿಗೆ ಮುಗಿಯಿತು.

ಅತ್ತೆಗೆ ಬೇರೆ ಚಿಂತೆ. ಅವರು ವರುಣಾ ಕಡೆಯ ಹಳ್ಳಿಯವರು, ಮಾತು ಈಗಲೂ ಹೊಲದ ಬದುವಿನ ಮೇಲಿನದೇ.

"ಎಗರಿ ಎಗರಿ ಇನ್ನೂ ಉದ್ದ ಆಗೋಯ್ತಳೆ ಕಣೇ. ಆಮ್ಯಾಕೆ ಗಂಡು ಎಲ್ಲಿಂದ ತರಾನ, ತೆಂಗಿನ ತೋಪಿಂದಲಾ?"

"ಎಗರಿದರೆ ಉದ್ದ ಆಗೋ ಹಾಗಿದ್ದರೆ ಅತ್ತೇ, ಇಷ್ಟು ಹೊತ್ತಿಗೆ ಕಪ್ಪೆ ನಮ್ಮ ಮಾಳಿಗೆ ಮುಟ್ಟಬೇಕಾಗಿತ್ತು."

ನಾನು ಗೆದ್ದೆನೆಂದುಕೊಂಡು ಒಳಗೆ ಹೋದೆ. ಸಾರು ಕುದಿಯುವಷ್ಟು ಹೊತ್ತು ಯೋಚಿಸಿ ಅತ್ತೆ ನಡುಮನೆಯಿಂದ ಉತ್ತರ ಕಳಿಸಿದರು: "ಕಪ್ಪೆಗೆ ಯಾರೂ ಗಂಡು ಹುಡುಕಾಕಿಲ್ಲ ಬುಡು!"

ಒಪ್ಪಂದ

ಕೊನೆಗೆ ಮಗಳೇ ಒಂದು ಷರತ್ತು ಹಾಕಿದಳು. "ಬರ್ತೀನಿ. ಆದರೆ ನಿಂತ್ಕೋತೀನಿ ಅಷ್ಟೇ. ಓಡಲ್ಲ, ಎಗರಲ್ಲ, ಕಿರುಚಲ್ಲ."

ಮೇಷ್ಟ್ರು ಐದನೆಯವಳಿಲ್ಲದೆ ಪರದಾಡುತ್ತಿದ್ದವರು. "ನಿಂತುಕೊಳ್ಳಲಿ ತಾಯಿ, ಸಾಕು. ನಿಂತವಳು ಎಂದಾದರೂ ಓಡಿಯಾಳು" ಎಂದು ಒಪ್ಪಿಕೊಂಡರು.

ಆಟದ ಚಡ್ಡಿಯನ್ನು ನಮ್ಮ ಬೀದಿಯ ಟೈಲರಿಗೇ ಹೊಲಿಯಲು ಕೊಟ್ಟೆ. ನಮ್ಮಲ್ಲಿ ಮಕ್ಕಳ ಬಟ್ಟೆಯನ್ನು ಈಗಿನ ಮಗುವಿಗೆ ಯಾರೂ ಹೊಲಿಸುವುದಿಲ್ಲ, ಮುಂದೆ ಆಗಲಿರುವ ಮಗುವಿಗೆ ಹೊಲಿಸುತ್ತಾರೆ. ಟೈಲರು "ಬೆಳೆಯೋ ಮಗು ಅಲ್ವೇನಮ್ಮಾ, ಮದುವೆಗಂಟ ಬರ್ಬೇಕು" ಎಂದು ಉದಾರವಾಗಿ ಹೊಲಿದಿದ್ದರು. ಮೊಣಕಾಲ ಹತ್ತಿರ ಎಲಾಸ್ಟಿಕ್ಕು, ಅದರ ಮೇಲೆಲ್ಲ ಗಾಳಿ. ಮೊದಲ ದಿನ ಬೀಸಿದ ಗಾಳಿಗೆ ಚಡ್ಡಿ ಊದಿಕೊಂಡು ಎರಡು ಕುಂಬಳಕಾಯಿಯಾಯಿತು. ಮಗಳಿಗೆ ಅಳುವೇ ಬಂತು. ಆಗ ಟೀಮಿನ ಅತಿ ಪುಟ್ಟ ಹುಡುಗಿ ಹತ್ತಿರ ಬಂದು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಅಕ್ಕಾ, ಮಳೆ ಬಂದ್ರೆ ನಾನೂ ಒಳಗೆ ಬರ್ಲಾ?"

ಮಗಳು ನಕ್ಕುಬಿಟ್ಟಳು. ಆ ಮೈದಾನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಚಡ್ಡಿಯನ್ನು ನಾನು ಅವತ್ತೇ ಅರ್ಧಕ್ಕೆ ಹಿಡಿದು ಹೊಲಿದೆ.

ಕೇಳಿದವರಿಗೆ ಕೊಡುವುದು

ಮಗಳು ಮಾತಿಗೆ ತಪ್ಪಲಿಲ್ಲ. ಬುಟ್ಟಿಯ ಕೆಳಗೆ ಬಸ್ಸಿಗೆ ಕಾಯುವವಳ ಹಾಗೆ ನಿಂತಳು. ಬಾಲು ಕೈಗೆ ಬಂದರೆ ಹಿಡಿಯುತ್ತಿದ್ದಳು. ಅಭ್ಯಾಸಕ್ಕೆಂದು ಎದುರು ನಿಲ್ಲಿಸಿದವಳು ಕೈ ಚಾಚಿದರೆ ಅವಳಿಗೆ ಕೊಟ್ಟುಬಿಡುತ್ತಿದ್ದಳು.

ಮೇಷ್ಟ್ರು ತಲೆ ಚಚ್ಚಿಕೊಂಡರು. "ಅವಳಿಗ್ಯಾಕಮ್ಮ ಕೊಟ್ಟೆ?"

"ಕೇಳಿದ್ಲು ಸಾರ್."

"ಕೇಳಿದವರಿಗೆಲ್ಲ ಕೊಡ್ತೀಯಾ?"

"ಮನೇಲಿ ಅಜ್ಜಿ ಹಾಗೇ ಹೇಳಿಕೊಟ್ಟಿರೋದು ಸಾರ್."

ಮೇಷ್ಟ್ರು ಆ ಸಂಜೆಯೇ ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಕೈಮುಗಿದು ನಿಂತರು. "ಅಮ್ಮಾ, ದಯವಿಟ್ಟು ಮೊಮ್ಮಗಳಿಗೆ ಸ್ವಲ್ಪ ಜಿಪುಣತನ ಕಲಿಸಿ."

ಅತ್ತೆ ನನ್ನತ್ತ ಕೈ ತೋರಿಸಿದರು. "ಅದುಕ್ಕೆ ಅವಳವ್ವ ಅವಳೆ, ಕೇಳ್ಕಳಿ."

ಆಯುಧ ಪೂಜೆ

ದಸರಾ ಬಂತು. ಅಂಗಡಿಯಲ್ಲಿ ನಮ್ಮವರು ತಕ್ಕಡಿಗೆ ಪೂಜೆ ಮಾಡಿದರು, ನಾನು ಹೊಲಿಗೆ ಯಂತ್ರಕ್ಕೆ ಮಾಡಿದೆ, ಟಾಂಗಾದವನು ಗಾಡಿಗೆ ಮಾಡಿದ. ಮೇಷ್ಟ್ರಿಗೆ, ಬಾಲಿಗೂ ಪೂಜೆ ಆಗಲಿ, ಹುಡುಗಿಯರಿಗೆ ಹುರುಪು ಬರುತ್ತದೆ ಎನ್ನಿಸಿತು. ಪಾಪ, ಒಳ್ಳೆಯ ಉದ್ದೇಶವೇ. ಇದ್ದ ಒಂದೇ ಬಾಲನ್ನು ತಂದು ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಯಾವುದನ್ನೂ ಅರೆಬರೆ ಮಾಡುವವರಲ್ಲ. ಬಾಲಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಮೈದಾನಕ್ಕೂ ಬಂದು ಎರಡೂ ಬುಟ್ಟಿಯ ಕಂಬಗಳಿಗೆ ಬಾಳೆಕಂದು ಕಟ್ಟಿಸಿದರು. ದೃಷ್ಟಿ ತೆಗೆದು ಬೂದುಗುಂಬಳಕಾಯನ್ನು ಮೈದಾನದ ಸರಿಯಾಗಿ ನಡುವೆ ಒಡೆದರು. ಅದರ ತಿರುಳಿನ ಮೇಲೆ ಮೊದಲು ಜಾರಿಬಿದ್ದವರು ಮೇಷ್ಟ್ರು. "ದೃಷ್ಟಿ ಓಯ್ತು ಬುಡಿ" ಎಂದು ಅತ್ತೆ ಸಮಾಧಾನಪಟ್ಟರು.

ಬನ್ನಿ ಮುಡಿದ ಮಾರನೆಯ ದಿನ ಆಟ ಮತ್ತೆ ಶುರು. ನನ್ನ ಮಗಳು ಬಾಲು ಹಿಡಿದುಕೊಂಡು ನೆಲಕ್ಕೆ ಕುಟ್ಟದೆ ನಿಂತಳು.

"ಕುಟ್ಟಮ್ಮಾ!"

"ಪೂಜೆ ಮಾಡಿದ್ದನ್ನ ನೆಲಕ್ಕೆ ಹಾಕಬಾರದು ಸಾರ್."

ಉಳಿದ ನಾಲ್ವರೂ ಹೌದು ಹೌದು ಎಂದರು. ಮೇಷ್ಟ್ರು ಬಾಲನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು. ಕುಂಕುಮ ಹೋಯಿತು, ಭಕ್ತಿ ಹೋಗಲಿಲ್ಲ. ಅತ್ತೆಯೇ ಬಂದು ಅರಿಶಿನದ ನೀರು ಚಿಮುಕಿಸಿ "ಈಗ ಇದು ಬರೀ ಬಾಲು ಕಣ್ರವ್ವಾ, ಕುಟ್ಟಿ" ಎಂದು ಬಿಡುಗಡೆ ಮಾಡಿದ ಮೇಲೆಯೇ ಅದು ನೆಲ ಮುಟ್ಟಿದ್ದು. ಅಂದಿನಿಂದ ಮೇಷ್ಟ್ರು ಅತ್ತೆಯನ್ನು ಕಂಡರೆ ಸೀಟಿಯನ್ನು ಜೇಬಿನಲ್ಲಿ ಅಡಗಿಸಿಕೊಳ್ಳುತ್ತಿದ್ದರು, ಎಲ್ಲಿ ಅದಕ್ಕೂ ಕುಂಕುಮ ಇಟ್ಟುಬಿಡುತ್ತಾರೋ ಎಂದು.

ಕೆಸರೆಯ ಹುಡುಗಿ

ಮೊದಲ ಮ್ಯಾಚು ಕೆಸರೆ ಕಡೆಯ ಹುಡುಗಿಯರ ಮೇಲೆ. ನಮ್ಮ ಬೀದಿಯೇ ಬಂದಿತ್ತು. "ಎಗರಬೇಡ ಅಂತ ಹೇಳಾಕೆ ಬಂದೆ" ಎನ್ನುತ್ತ ಅತ್ತೆ ಛತ್ರಿ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಟಾಂಗಾದಲ್ಲಿ ಬಂದ ನಮ್ಮವರು ಅವರ ಪಕ್ಕದಲ್ಲಿ.

ಮೊದಲರ್ಧದಲ್ಲಿ ಮಗಳು ಬೆನ್ನು ಬಗ್ಗಿಸಿಕೊಂಡು ಬುಟ್ಟಿಯ ಕೆಳಗೆ ನಿಂತಳು. ಜನ ಸೇರಿದಷ್ಟೂ ಬಗ್ಗಿದಳು. ಗೋಡೆಯ ಮೇಲೆ ಕೂತ ಹುಡುಗನೊಬ್ಬ "ಕಂಬ ಬಗ್ಗೋಗದೆ ಕಣ್ರೋ, ಕರೆಂಟಿನವ್ರಿಗೆ ಹೇಳಿ!" ಎಂದು ಕೂಗಿದ. ನಾನು ತಿರುಗಿ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನು ಗೋಡೆಯಿಂದ ಆಚೆ ಕಡೆಗೆ ಇಳಿದುಹೋದ. ಆದರೆ ಮಗಳ ಬೆನ್ನು ಮೇಲೇಳಲಿಲ್ಲ. ಇವತ್ತು ನೆಟ್ಟಗಾಗದಿದ್ದರೆ ಇವಳು ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಎರಡನೆಯ ಅರ್ಧ ಶುರುವಾಗುವಾಗ ಎರಡೂ ಕಡೆಯಿಂದ ಒಬ್ಬೊಬ್ಬರು ನಡುವೆ ನಿಲ್ಲಬೇಕು, ರೆಫರಿ ಮೇಲೆಸೆದ ಬಾಲಿಗೆ ಎಗರಬೇಕು. ಮೇಷ್ಟ್ರು ದೇವರ ಮೇಲೆ ಭಾರ ಹಾಕಿ ನನ್ನ ಮಗಳನ್ನು ಕಳಿಸಿದರು. ಕೆಸರೆಯವರೂ ಆವರೆಗೆ ಕೂರಿಸಿದ್ದ ಒಬ್ಬಳನ್ನು ಕಳಿಸಿದರು. ನೋಡಿದರೆ ಅವಳೂ ಉದ್ದ, ಅವಳೂ ಗೂನು! ಇಬ್ಬರೂ ಎದುರುಬದುರು ನಿಂತದ್ದು, ಸಂತೆಯಲ್ಲಿ ಇಬ್ಬರು ಮುದುಕಿಯರು ಸೊಂಟನೋವಿನ ಸುದ್ದಿ ಮಾತಾಡಿಕೊಂಡ ಹಾಗಿತ್ತು.

ನನ್ನ ಮಗಳು ಕಣ್ಣೆತ್ತಿ ಅವಳನ್ನು ನೋಡಿದಳು. ಅವಳು ಇವಳನ್ನು ನೋಡಿದಳು. ಇಷ್ಟು ದಿನ ಇಬ್ಬರಿಗೂ ತಮ್ಮಷ್ಟು ಎತ್ತರದವರು ಯಾರೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ನನ್ನ ಮಗಳು ಅಳತೆ ನೋಡುವವಳ ಹಾಗೆ ಕತ್ತನ್ನು ಒಂದಿಷ್ಟು ಮೇಲೆತ್ತಿದಳು. ಆ ಹುಡುಗಿ ಬಿಟ್ಟಾಳೆಯೇ? ಭುಜ ಎತ್ತಿದಳು. ಇವಳು ಬೆನ್ನು ಎತ್ತಿದಳು. ಅವಳೂ ಎತ್ತಿದಳು. ಇಬ್ಬರೂ ಮೇಲೆ ಮೇಲೆ ಹೋಗಿ, ಹಿಮ್ಮಡಿಯನ್ನೂ ಎತ್ತಿ ತುದಿಗಾಲಲ್ಲಿ ನಿಂತರು. ನಡುವೆ ಬಾಲು ಹಿಡಿದಿದ್ದ ಗಿಡ್ಡ ರೆಫರಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಮುಖ ಎತ್ತಿ ನೋಡಿ, ಮೇಷ್ಟ್ರ ಕಡೆ ತಿರುಗಿ ಹೇಳಿದರು: "ಸ್ವಾಮೀ, ನನಗೊಂದು ಸ್ಟೂಲು ತರಿಸಿ."

ಆಮೇಲೆ ಮಗಳು ಓಡಿದಳು, ಎಗರಿದಳು, ಕಿರುಚಿದಳು. ಕೇಳಿದವರಿಗೆ ಬಾಲು ಕೊಡಲಿಲ್ಲ. ಆದರೆ ಹೊಸ ತಾಪತ್ರಯವೊಂದು ಹುಟ್ಟಿತು. ಇಬ್ಬರು ಉದ್ದದವರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಓಡುತ್ತಿದ್ದರು, ಕಾಲಿಗೆ ಕಾಲು ತಾಕುತ್ತಿತ್ತು. ಕಾಲು ತಾಕಿದರೆ ನಮ್ಮ ಮನೆಗಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲವೇ? ತಾಕಿದ ಕೂಡಲೇ ಮಗಳು ನಿಂತು ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳೂ ಒಳ್ಳೆಯ ಮನೆಯವಳು, ಇವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಬಾಲು ಮೈದಾನ ದಾಟಿ ಕಡಲೆಕಾಯಿ ಮಾರುವವನ ಮಂಕರಿಗೆ ಬಿದ್ದಿತ್ತು. ರೆಫರಿ ಸೀಟಿ ಊದಿದರು. ಯಾವ ತಪ್ಪಿಗೆ ಊದಿದೆ ಎಂದು ಅವರಿಗೇ ತಿಳಿಯದೆ ನಿಂತರು. ಅತ್ತೆ ಮಾತ್ರ ಪಕ್ಕದವರಿಗೆ "ನಾನೇ ಕಲ್ಸಿದ್ದು" ಎಂದು ಹೇಳುತ್ತಿದ್ದರು.

ಮತ್ತೆ ತಾಕಿತು, ಮತ್ತೆ ನಿಂತರು. ನಾನು ತಡೆಯಲಾರದೆ ಎದ್ದು ಕೂಗಿದೆ: "ಎಲ್ಲಾ ಕೂಡಿಸಿಟ್ಟುಕೊಂಡು ಕೊನೇಲಿ ಒಟ್ಟಿಗೆ ಮಾಡ್ಕೊಳ್ರೇ!"

ಇಬ್ಬರಿಗೂ ಅದು ನ್ಯಾಯವೆನ್ನಿಸಿತು. ಅಲ್ಲಿಂದ ಮುಂದೆ ಅದೇನು ಆಟ! ಮಗಳ ಕೈಯಿಂದ ಬಾಲು ಬುಟ್ಟಿಗೆ ಬಿದ್ದಾಗ, ಎಗರಬೇಡ ಎನ್ನಲು ಬಂದಿದ್ದ ಅತ್ತೆ ಛತ್ರಿ ಬೀಸುತ್ತ "ಇನ್ನೂ ಎಗರೇ! ಗಂಡು ಎಲ್ಲಾರ ಸಿಕ್ತನೆ ಬುಡು!" ಎಂದು ಕೂಗಿದರು. ಛತ್ರಿ ತಗುಲಿ ನಮ್ಮವರ ಕನ್ನಡಕ ಒಡೆಯಿತು.

ನಾವು ಸೋತೆವು. ಆದರೆ ಅದನ್ನು ಗಮನಿಸುವವರು ಯಾರಿದ್ದರು? ಕೊನೆಯ ಸೀಟಿ ಆದ ಕೂಡಲೇ ಇಬ್ಬರೂ ಮೈದಾನದ ನಡುವೆ ನಿಂತು, ಕೂಡಿಸಿಟ್ಟಿದ್ದನ್ನೆಲ್ಲ ತೀರಿಸತೊಡಗಿದರು. "ನಿಂದಾಯ್ತು, ನಂದು ಇನ್ನೂ ಇದೆ ಕಣೇ." "ಇಲ್ಲ ಕಣೇ, ಆ ಕಂಬದ ಹತ್ರ ತಾಕಿದ್ದು ನಂದು." ಜಗಳ ಮುಗಿಯದೆ ಎರಡೂ ಮನೆಯವರು ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಸಂಜೆ ಅತ್ತೆಯನ್ನು ಟಾಂಗಾದಲ್ಲಿ ಕಳಿಸಿ, ನಾವು ಮೂವರು ನಡೆದೇ ಹೊರಟೆವು. ಅವತ್ತು ನಮ್ಮವರು ತಾವಾಗಿಯೇ ನಡೆಯುತ್ತೇನೆ ಎಂದರು, ಅಷ್ಟು ಸಂತೋಷ. ನಡುವೆ ಮಗಳು, ತಲೆ ಎತ್ತಿ, ಎದೆ ಮುಂದೆ ಮಾಡಿ, ಬೀದಿಯೆಲ್ಲ ತನ್ನದೇ ಎಂಬಂತೆ. ಸ್ವಲ್ಪ ದೂರ ಹೋದ ಮೇಲೆ ಅವಳು ತಲೆ ತಿರುಗಿಸಿ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮತ್ತೆ ಅಪ್ಪನನ್ನು, ಮತ್ತೆ ನನ್ನನ್ನು.

"ಅಮ್ಮಾ, ಒಂದು ಕೇಳ್ತೀನಿ, ಬೈಯಬಾರದು."

"ಕೇಳು ಬಂಗಾರ, ಇವತ್ತು ಏನು ಬೇಕಾದ್ರೂ ಕೇಳು."

ಕೇಳಿದಳು. ನಮ್ಮವರು ತಟ್ಟನೆ ಬೀಗ ಹಾಕಿದ್ದ ಒಂದು ಅಂಗಡಿಯ ಬೋರ್ಡನ್ನು, ಒಡೆದ ಕನ್ನಡಕದಲ್ಲೇ, ಬಹಳ ಆಸಕ್ತಿಯಿಂದ ಓದತೊಡಗಿದರು. ಅತ್ತೆಗೆ, ತರಕಾರಿಯವನಿಗೆ, ಗೋಡೆಯ ಮೇಲಿನ ಹುಡುಗನಿಗೆ, ಇಡೀ ಮೊಹಲ್ಲಾಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡುವ ನನಗೆ ಅವತ್ತು ನಾಲಿಗೆ ಏಳಲಿಲ್ಲ. ಇವತ್ತಿಗೂ ಎದ್ದಿಲ್ಲ. ಅವಳು ಕೇಳಿದ್ದು ಇಷ್ಟೇ:

"ಮಾರ್ಕೆಟ್ಟಿಗೆ ಒಬ್ಬಳೇ ಹೋಗುವಾಗ ನೀನು ನೆಟ್ಟಗೇ ನಡೀತೀಯಲ್ಲಮ್ಮಾ, ಅಪ್ಪ ಪಕ್ಕಕ್ಕೆ ಬಂದ ಕೂಡಲೇ ಯಾಕೆ ಬಗ್ಗಿ ನಡೀತೀಯಾ?"