ಗಾಲಿಗೆ ಇಡದ ನಿಂಬೆಹಣ್ಣು

ನನಗೆ ಹೊಗಳುವುದಕ್ಕೆ ಬರುವುದಿಲ್ಲ. ಸಾರು ಚೆನ್ನಾಗಿದ್ದರೆ ‘ಉಪ್ಪು ಸರಿಯಾಗಿದೆ’ ಎನ್ನುತ್ತೇನೆ, ಅಷ್ಟೇ. ನಮ್ಮ ಯಜಮಾನರು ಬದುಕಿದ್ದಷ್ಟು ದಿನ ಒಂದು ಒಳ್ಳೆಯ ಮಾತಿಗೆ ಕಾದರು. ಹೋದ ಮೇಲೆ ಫೋಟೋಗೆ ಹಾರ ಹಾಕುವಾಗಲಾದರೂ ಹೇಳೋಣವೆಂದರೆ, ಅಭ್ಯಾಸವಿಲ್ಲದ ಬಾಯಿ, ಏಳಲಿಲ್ಲ. ಮಕ್ಕಳನ್ನಂತೂ ಎದುರಿಗೆ ಹೊಗಳಲೇಬಾರದು, ದೃಷ್ಟಿಯಾಗುತ್ತದೆ. ಹೊರಗಿನವರ ಕಣ್ಣಿಗಿಂತ ಮನೆಯವರ ಕಣ್ಣೇ ಬೇಗ ತಾಗುವುದು ಎಂದು ನಮ್ಮವ್ವ ಹೇಳುತ್ತಿದ್ದಳು. ಅದಕ್ಕೇ ಮೊಮ್ಮಗಳು ಅನು ಹುಟ್ಟಿದಾಗಲೂ ‘ಮೂಗು ಸ್ವಲ್ಪ ದಪ್ಪ’ ಎಂದು ಹೇಳಿ ಸುಮ್ಮನಾದವಳು ನಾನು.

ಈ ಅನು ಇಂಜಿನಿಯರಿಂಗ್ ಓದಿ ಮಿಲ್ಪಿಟಾಸಿನ ಒಂದು ಕಂಪನಿಯಲ್ಲಿ ತಣ್ಣಗೆ ಕೂತಿದ್ದಳು. ಹೋದ ವರ್ಷ ಅದನ್ನು ಬಿಟ್ಟು ಕಾರ್ ರೇಸಿನ ಟೀಮಿಗೆ ಸೇರಿಕೊಂಡಳು. ಕಾರು ಓಡಿಸುವುದಕ್ಕಲ್ಲ, ಟೈರ್ ಬದಲಾಯಿಸುವುದಕ್ಕೆ. ರೇಸಿನ ನಡುವೆ ಕಾರು ಬಂದು ನಿಂತ ತಕ್ಷಣ ಇವರು ಮೋಟುಗೋಡೆ ಹಾರಿ ಓಡಿಹೋಗಿ, ನಾಲ್ಕೂ ಗಾಲಿ ಕಿತ್ತು ಹೊಸದು ಹಾಕಿ ಕಳಿಸಬೇಕು. ನನ್ನ ಸೊಸೆ ಸುಧಾ ಇದನ್ನು ನಾವಿರುವ ಈ ಪರದೇಶದ ಊರು ಯೂನಿಯನ್ ಸಿಟಿಯಲ್ಲಿ ಒಬ್ಬ ಕನ್ನಡದವರಿಗೂ ಹೇಳಲಿಲ್ಲ. ಭಜನೆಯಲ್ಲಿ ಯಾರಾದರೂ ಕೇಳಿದರೆ ‘ಆಟೊಮೊಬೈಲ್ ಸೈಡಲ್ಲಿದ್ದಾಳೆ’ ಎಂದು ಮಾತು ತಿರುಗಿಸುತ್ತಿದ್ದಳು. ಮನೆಗೆ ಬಂದು ನನ್ನ ಮುಂದೆ ಅಳು. “ಅಷ್ಟು ಓದಿಸಿದ್ದು ಪಂಕ್ಚರ್ ಅಂಗಡಿ ಕೆಲಸಕ್ಕಾ, ಅತ್ತೆ?”

“ಪಂಕ್ಚರ್ ಅಂಗಡಿಯವನು ಇಲ್ದೇ ಇದ್ದಿದ್ರೆ ನಿನ್ನ ಮದುವೆ ದಿಬ್ಬಣ ಮದ್ದೂರಲ್ಲೇ ಮಲಗಿರೋದು,” ಎಂದೆ. ಸುಳ್ಳಲ್ಲ, ಅವತ್ತು ಬಸ್ಸಿನ ಟೈರು ಹೋಗಿ ಮುಹೂರ್ತ ತಪ್ಪುವುದರಲ್ಲಿತ್ತು.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ಸಲದ ರೇಸಿನಲ್ಲಿ ಕೈ ತಪ್ಪದಿದ್ದರೆ ಟೀಮಿನಲ್ಲಿ ಇಟ್ಟುಕೊಳ್ಳುತ್ತಾರೆ, ತಪ್ಪಿದರೆ ಮನೆಗೆ. ಸುಧಾ ಯಾವುದು ಆಗಲೆಂದು ಹರಕೆ ಹೊತ್ತಳೋ ನಾನು ಕೇಳಲಿಲ್ಲ. ಶುಕ್ರವಾರವೇ ಮಗ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಫ್ರೀವೇ ಹಿಡಿದ. ಅರ್ಧ ದಿನದ ದಾರಿ. ಆ ರೇಸಿನ ಬಯಲನ್ನು ಏನೆಂದು ಹೇಳಲಿ, ದೊಡ್ಡ ಕೆರೆಯ ನೀರು ಬಸಿದು ಏರಿಯ ಮೇಲೆಲ್ಲ ಜನರನ್ನು ಕೂರಿಸಿದ ಹಾಗಿತ್ತು. ಕಾರುಗಳು ಶನಿವಾರವಿಡೀ ಎಡಕ್ಕೇ ತಿರುಗುತ್ತ ಅಭ್ಯಾಸ ಮಾಡಿದವು. ಗಾಣದ ಎತ್ತೂ ಹೀಗೇ ಸುತ್ತುತ್ತದೆ, ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಪಕ್ಕದಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಗಡ್ಡದವನು ಬೆಳಗ್ಗೆಯಿಂದ ಮಾಂಸ ಸುಡುತ್ತಿದ್ದ. ನಮಗೂ ಕೊಡಲು ಬಂದ, ಬೇಡವೆಂದು ನಾನೇ ಅವನಿಗೆ ಕೋಡುಬಳೆ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈ ಚಾಚಿದ. ಗಟ್ಟಿ ಜನ.

ಭಾನುವಾರ ರೇಸಿಗೆ ಮೊದಲು, ಕೆಲಸದವರ ಮನೆಮಂದಿ ಕಾರಿನ ಹತ್ತಿರ ಹೋಗಬಹುದೆಂದು ಅನು ನಮ್ಮನ್ನು ಕರೆದೊಯ್ದಳು. ನಾನು ಸೆರಗಿನ ಗಂಟಿನಲ್ಲಿ ನಿಂಬೆಹಣ್ಣು ತಂದಿದ್ದೆ. ಸ್ಕೂಟರ್ ಕೊಂಡರೂ ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸುವ ಜನ ನಾವು. ಇಷ್ಟು ಜೋರಾಗಿ ಓಡುವ ಕಾರಿಗೆ ಇಡದೆ ಬಿಡುವುದೇ? ಮುಂದಿನ ಗಾಲಿಯ ಹತ್ತಿರ ಬಗ್ಗಿದೆನೋ ಇಲ್ಲವೋ, ಅನು ನನ್ನ ಮಣಿಕಟ್ಟು ಹಿಡಿದಳು. ಏನು ಹಿಡಿತ, ಮೂಳೆ ಲಟಕ್ಕೆಂದಿತು.

“ಅಜ್ಜಿ, ನೋ. ಇದು ಟ್ರ್ಯಾಕಿಗೆ ಉರುಳಿದ್ರೆ ರೇಸೇ ಸ್ಟಾಪ್ ಮಾಡ್ತಾರೆ. ನನ್ನ ಜಾಬು ಹೋಗತ್ತೆ.”

“ಹಂಗಾದ್ರೆ ದೃಷ್ಟಿಗೆ?”

“ನೀನೇ ಇಟ್ಕೊ. ಸುಮ್ನೆ ಕೂತ್ಕೊಂಡು ನೋಡು.”

ಹಾಗೇ ಕೂತೆ, ನಿಂಬೆಹಣ್ಣು ಮುಷ್ಟಿಯಲ್ಲಿ. ಕಿವಿಗೆ ಮುಚ್ಚಿಗೆ ಹಾಕಿದ್ದರೂ ಸದ್ದು ಹೊಟ್ಟೆಯ ಒಳಗೇ ಕೇಳುತ್ತಿತ್ತು. ನಮ್ಮ ಕಾರು ಬಂದು ನಿಂತಿತು. ಹುಡುಗಿ ಗೋಡೆ ಹಾರಿದಳು, ಅಷ್ಟೆತ್ತರದ ಗಂಡಸರ ನಡುವೆ ಒಬ್ಬಳೇ ಹುಡುಗಿ. ಮಂಡಿಯೂರಿ ಕೂತಳು, ಕೈಯಲ್ಲಿದ್ದ ನಟ್ಟು ಬಿಚ್ಚುವ ಮೆಷಿನ್ನು ಗುರ್ರೆಂದಿತು, ಹಳೆಯ ಗಾಲಿ ಆಚೆ, ಹೊಸದು ಒಳಗೆ. ಆಮೇಲೆ ಕಾರನ್ನು ಸುತ್ತಿ ಆ ಕಡೆಗೂ ಓಡಿದಳು. ಒಂದು ವೀಳ್ಯದೆಲೆಗೆ ನಾನು ಸುಣ್ಣ ಸವರಿ ಮಡಿಸುವಷ್ಟರಲ್ಲಿ ಎಲ್ಲ ಮುಗಿದು ಕಾರು ಹೊರಟೇಹೋಯಿತು. ಪಕ್ಕದಲ್ಲಿ ಸುಧಾ, ಇಡೀ ವರ್ಷ ಅತ್ತ ಸುಧಾ, ಎದ್ದು ನಿಂತು ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಾಳೆ. ಮೊಣಕೈಯವರೆಗೆ ಏನೋ ತಣ್ಣಗೆ ಹರಿಯಿತೆಂದು ನೋಡಿದರೆ, ಗಾಲಿಗೆ ಸಿಕ್ಕಿ ಒಡೆಯಬೇಕಾದ ಹಣ್ಣು ನನ್ನ ಮುಷ್ಟಿಯಲ್ಲೇ ಒಡೆದಿತ್ತು.

ನಮ್ಮ ಕಾರು ಗೆಲ್ಲಲಿಲ್ಲ, ಎಲ್ಲೋ ನಡುವೆ ಬಂತು. ಅದು ಓಡಿಸಿದವನ ಹಣೆಬರಹ, ಗಾಲಿಯದಂತೂ ತಪ್ಪಿರಲಿಲ್ಲ. ಸಂಜೆ ಟೀಮಿನ ಯಜಮಾನ ಬಂದು ಅನುವಿನ ಕೈ ಕುಲುಕಿದ. ಖಾಯಂ ಎಂದು ಅನು ಹೇಳಿದಳು. ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು, “ಉಪ್ಪು ಸರಿಯಾಗಿದೆ,” ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಮುಂದಿನ ವಾರ ಮಿಲ್ಪಿಟಾಸಿನ ಅಂಗಡಿಯಲ್ಲಿ ಭಜನೆಯ ಹೆಂಗಸೊಬ್ಬಳು ಸಿಕ್ಕಿ ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳಿದಳು. ಸುಧಾ ಕತ್ತೆತ್ತಿ, “ರೇಸ್ ಕಾರಿಗೆ ಟೈರ್ ಹಾಕ್ತಾಳೆ,” ಎಂದಳು. ಅವಳು ಅಷ್ಟಕ್ಕೆ ನಿಲ್ಲಿಸಿದಳು, ನಾನು ನಿಲ್ಲಿಸಲಿಲ್ಲ. ಗೋಡೆ ಹಾರಿದ್ದು, ಮಂಡಿಯೂರಿದ್ದು, ನನ್ನ ಮಣಿಕಟ್ಟು ಹಿಡಿದ ಜೋರು, ಎಲ್ಲವನ್ನೂ ಹೇಳಿದೆ. ಆ ಹೆಂಗಸಿನ ಬುಟ್ಟಿಯಲ್ಲಿದ್ದ ಐಸ್‌ಕ್ರೀಮು ಕರಗಿ ತೊಟ್ಟಿಕ್ಕತೊಡಗಿತು. ಕೊನೆಗೆ ಸುಧಾ, “ಸಾಕು ಬನ್ನಿ ಅತ್ತೆ, ದೃಷ್ಟಿಯಾಗತ್ತೆ,” ಎಂದು ಎಳೆದುಕೊಂಡು ಹೋದಳು. ಹೌದಲ್ಲ ಎಂದು ಮೊಮ್ಮಗಳಿಗೆ ನಿವಾಳಿಸಲು ಒಂದು ನಿಂಬೆಹಣ್ಣು ಆರಿಸಿಕೊಂಡೆ. ಕಣ್ಣು ಹಾಕುವವರು ಯಾರಿದ್ದಾರೆಂದು ಸುತ್ತ ನೋಡಿದೆ. ನನ್ನನ್ನು ಬಿಟ್ಟರೆ ಯಾರೂ ಕಾಣಲಿಲ್ಲ.