ಪ್ರಚಾರ ನಿಷಿದ್ಧ, ಕಿಟಕಿ ಒಂದೇ

ನಮ್ಮ ಮನೆಯಲ್ಲಿ ಬಿಸಿಲು ಬೀಳುವ ಕಿಟಕಿ ಒಂದೇ. ಗಿಡ ಬೆಳೆಸುವ ಹುಚ್ಚು ಇಬ್ಬರಿಗೂ. (ಮುಂದಿನದನ್ನು ಮದುವೆಯಾದವರು ಊಹಿಸಬಲ್ಲರು.) ಕಿಟಕಿಯಲ್ಲಿ ನನ್ನ ಟೊಮೆಟೊ ಇತ್ತು. ಹೆಂಡತಿಯ ದಾಸವಾಳ ಅಡುಗೆಮನೆಯ ಸಿಂಕಿನ ಪಕ್ಕ ಎಲ್ಲೋ ಇತ್ತು. ನಾನು ಅಷ್ಟು ಒಳಗೆ ಹೋಗುವುದು ಅಪರೂಪ.

ನಾವಿಬ್ಬರೂ ಇರುವ ‘ಕುಂಡ ಬಳಗ’ ಎಂಬ ಆನ್‌ಲೈನ್ ಗುಂಪಿನಲ್ಲಿ ಗಿಡಗಳ ಫೋಟೊ ಸ್ಪರ್ಧೆ ಬಂತು. ಇಬ್ಬರಲ್ಲಿ ಯಾರಿಗೆ ಹೆಚ್ಚು ವೋಟೋ ಅವರಿಗೆ ಕಿಟಕಿ ಎಂದು ಒಪ್ಪಂದವಾಯಿತು.

ನಾನು ನೀರು ಪರೀಕ್ಷಿಸುವ ಲ್ಯಾಬಿನವನು. ಬಾಟಲಿಯ ಮೇಲೆ ಹೆಸರಿದ್ದರೆ ಕಣ್ಣು ಮೋಸ ಮಾಡುತ್ತದೆಂದು ಬಲ್ಲೆ. ಆದ್ದರಿಂದ ಗುಂಪಿಗೆ ಒಂದು ಸಂವಿಧಾನವನ್ನೇ ಬರೆದು ಕಳಿಸಿದೆ: ಫೋಟೊಗೆ ಹೆಸರು ಬೇಡ, ನಂಬರು ಸಾಕು, ತನ್ನ ಗಿಡಕ್ಕೆ ತಾನೇ ವೋಟು ಹಾಕಬಾರದು, ಪ್ರಚಾರ ನಿಷಿದ್ಧ. ಎಲ್ಲರೂ ಒಪ್ಪಿದರು. (ಓದಿದವರು ಕಡಿಮೆ.)

“ಅಲ್ರೀ, ನಾಲ್ಕು ಜನಕ್ಕೆ ‘ನಮ್ಮದನ್ನೂ ಸ್ವಲ್ಪ ನೋಡಿ’ ಅಂದ್ರೆ ಏನು ತಪ್ಪು?” ಎಂದಳು ಹೆಂಡತಿ.

“ಆಮೇಲೆ ಗೆಲ್ಲೋದು ಗಿಡ ಅಲ್ಲ ಕಣೇ, ಬಾಯಿ.”

“ಹಾಗಾದ್ರೆ ನಿಮಗೆ ನನ್ನ ಬಾಯಿ ಕಂಡ್ರೆ ಭಯ ಅನ್ನಿ.”

ಬಳಗದ ಸದಸ್ಯೆಯಾದ ನನ್ನ ಅಮ್ಮ ಫೋನ್ ಮಾಡಿದರು. “ನಿಂದು ಯಾವ ನಂಬರೋ?”

“ಹೇಳಬಾರದಮ್ಮ.”

“ಹೆತ್ತವಳಿಗೂ ಹೇಳಲ್ವಾ? ಹೋಗು, ಚೆನ್ನಾಗಿರೋದಕ್ಕೇ ಹಾಕ್ತೀನಿ.”

ಪ್ರಜಾಪ್ರಭುತ್ವ ನಮ್ಮ ಮನೆಯಿಂದಲೇ ಶುರುವಾಯಿತೆಂದು ಬೀಗಿದೆ. ಎಲೆಯ ಬಣ್ಣ, ಹೂವಿನ ಗಾತ್ರ, ಹಿನ್ನೆಲೆ ಎಂದು ಪ್ರತಿ ಫೋಟೊಗೂ ಅಂಕ ಕೊಟ್ಟು, ಒಂಬತ್ತನೇ ನಂಬರಿಗೆ ನನ್ನ ವೋಟು ಒತ್ತಿದೆ. ಆ ಕೆಂಪು ಹೂವು, ಹಿಂದಿನ ತಿಳಿನೀಲಿ, ಯಾರೋ ಕಸುಬುದಾರರ ಕೈಚಳಕ!

ಒಂಬತ್ತೇ ಗೆದ್ದಿತು. ನನ್ನ ಟೊಮೆಟೊಗೆ ಬಿದ್ದದ್ದು ಒಂದು ವೋಟು.

“ಈ ಜನಕ್ಕೆ ತಿಳಿಸಿ ಹೇಳೋರು ಬೇಕಿತ್ತು,” ಎಂದೆ. “ಟೊಮೆಟೊ ಕಾಂಡ ನೋಡೋದು ಹೇಗೆ ಅಂತ ಮೊದಲೇ ನಾಲ್ಕು ಮಾತು...”

“ಅದಕ್ಕೆ ಪ್ರಚಾರ ಅಂತಾರೆ.”

“ಇರಲಿ ಬಿಡು. ಅಷ್ಟು ಜನರಲ್ಲಿ ಒಬ್ಬರಾದರೂ ಗಿಡದ ಗುಣ ಬಲ್ಲವರಿದ್ದಾರಲ್ಲ. ಯಾವ ಮುಲಾಜೂ ಇಲ್ಲದ ಮಹಾನುಭಾವರು. ಸಿಕ್ಕರೆ ಕೈಮುಗಿಯಬೇಕು.”

“ಮುಗೀರಿ,” ಎಂದಳು. “ಕಡ್ಡಿಗೆ ಲ್ಯಾಬಿನ ಚೀಟಿ ಅಂಟಿಸಿದ ಗಿಡ ಇನ್ಯಾರದ್ದು? ಯಾರೂ ಹಾಕದಿದ್ರೆ ನಿಮ್ಮ ಮುಖ ನೋಡೋಳು ನಾನೇ ಅಲ್ವಾ? ಅದಕ್ಕೇ ಹಾಕ್ದೆ.”

ನಾನು ಕೈಮುಗಿದೇ ಬಿಟ್ಟೆ. “ನಿನ್ನದು ಯಾವ ನಂಬರಾಗಿತ್ತು?”

“ಒಂಬತ್ತು.”

ನಾನು ಗೋಡೆ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

“ಅಯ್ಯೋ, ನೀವೂ ನನಗೇ ಹಾಕಿದ್ರಾ? ಮನೆ ಗಿಡ ಗುರುತು ಸಿಗಲಿಲ್ವಾ?”

“ಹಿನ್ನೆಲೆ ಚೆನ್ನಾಗಿತ್ತು,” ಎಂದೆ ಸಣ್ಣ ದನಿಯಲ್ಲಿ. “ಆ ನೀಲಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೆ.”

ಅವಳು ಟೊಮೆಟೊ ಕುಂಡವನ್ನು ಕಿಟಕಿಯಿಂದ ಎತ್ತಿ ನನ್ನ ಕೈಗಿತ್ತಳು. “ಹುಷಾರು, ಎದೆಗೆ ಒರಗಿಸಿಕೋಬೇಡಿ. ಹಿನ್ನೆಲೆಗೆ ಮಣ್ಣಾಗುತ್ತೆ.”

ತಲೆ ಬಗ್ಗಿಸಿ ನೋಡಿಕೊಂಡೆ. ತಿಳಿನೀಲಿ ಆಫೀಸ್ ಶರ್ಟು.