ನಾನು ಹುಟ್ಟಿಸಿದ ಇಂಗ್ಲಿಷ್ ಶಬ್ದಗಳು

ಅರ್ಧಮರ್ಧ ಇಂಗ್ಲಿಷ್ ಬಲ್ಲವನನ್ನು ಊರು ಪೂರ್ತಿ ಬಲ್ಲವನೆಂದು ನಂಬಿಬಿಟ್ಟರೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ.

ನಿಜಾಮರ ಕಾಲದಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿದ್ದೆ. ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ಬಜಾರದ ಮಾತು ಎರಡನ್ನೂ ಕಲಸಿದ್ದು. ಇಂಗ್ಲಿಷ್ ದಿನಕ್ಕೆ ಒಂದೇ ತಾಸು. ಆ ಒಂದು ತಾಸಿಗೆ ನಾನು. ನಾನಾದರೂ ಓದಿದ್ದು ಮೆಟ್ರಿಕ್‌ವರೆಗೆ. ಗುಲ್ಬರ್ಗಾದಲ್ಲಿ ಓದುವಾಗ ಪರಿಚಯವಾಗಿದ್ದ ಒಬ್ಬ ಮುದುಕ ಪಾದ್ರಿ ಊರು ಬಿಡುವ ಮುಂದೆ ನನಗೊಂದು ಸಣ್ಣ ಪುಸ್ತಕ ಕೊಟ್ಟು ಹೋಗಿದ್ದರು. ಇಂಗ್ಲಿಷ್ ಶಬ್ದಗಳ ಹೊಟ್ಟೆಯಲ್ಲಿ ಅಡಗಿರುವ ಲ್ಯಾಟಿನ್, ಗ್ರೀಕ್ ಬೇರುಗಳ ಪಟ್ಟಿ ಅದರಲ್ಲಿತ್ತು. ಅಪ್ಪ ಕಲಿಸಿದ ಒಂದಿಷ್ಟು ಸಂಸ್ಕೃತ ನನಗೆ ಬರುತ್ತಿತ್ತು. ಪುಸ್ತಕ ತೆರೆದು ನೋಡಿದರೆ ಪಾದಕ್ಕೆ ಪೆಡ್, ದಂತಕ್ಕೆ ಡೆಂಟ್, ಅಷ್ಟಕ್ಕೆ ಆಕ್ಟೋ. ಎಲ್ಲ ನಮ್ಮ ಬಳಗವೇ. ಶಬ್ದ ಗೊತ್ತಿಲ್ಲದಿದ್ದರೇನು, ಬೇರು ಗೊತ್ತಿದ್ದರೆ ಗಿಡ ನಾವೇ ಬೆಳೆಸಬಹುದು ಅನ್ನುವ ಧೈರ್ಯ ಬಂತು. ನನ್ನನ್ನು ಕೆಡಿಸಿದ್ದು ಆ ಧೈರ್ಯವೇ.

೧. ಸೇಡಂನಲ್ಲಿ ಹಬ್ಬಿದ ಬೀಮಾರಿ

ಮೊದಲ ನೌಕರಿ ಸೇಡಂನ ಶಾಲೆಯಲ್ಲಿ. ಹೊಸ ಹುರುಪು. ಇಂಗ್ಲಿಷ್ ತಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಎಂದು ಕಾಯಿದೆ ಮಾಡಿದೆ. ಅಂದಿನಿಂದ ತರಗತಿ ಭಾಳ ಶಾಂತವಾಯಿತು. ಯಾರಿಗೂ ಮಾತಾಡಲು ಬರುತ್ತಿರಲಿಲ್ಲ, ಅಷ್ಟೇ.

ಎಲ್ಲರೂ ಕುಳಿತುಕೊಳ್ಳುತ್ತಿದ್ದದ್ದು ಫರಸಿಕಲ್ಲಿನ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು. ಒಂದು ದಿನ ಪ್ರಶ್ನೆ ಕೇಳಿದಾಗ ಒಬ್ಬ ವಿದ್ಯಾರ್ಥಿ ಏಳಲು ಹೋಗಿ ಅಲ್ಲೇ ಕುಸಿದು, ನನ್ನ ಕಾಯಿದೆ ಮರೆತ.

"ಕಾಲು ಜೋಮು ಹಿಡದದ್ರಿ ಸರ್. ಇದಕ್ಕ ಇಂಗ್ಲಿಷಿನ್ಯಾಗ ಏನನ್ಬೇಕ್ರಿ?"

ಇಡೀ ತರಗತಿ ನನ್ನ ಬಾಯಿ ನೋಡಿತು. ನನಗೆ ಗೊತ್ತಿರಲಿಲ್ಲ. ಆದರೆ ನಿದ್ದೆಗೆ ಸಾಮ್ನಿ, ಕಾಲಿಗೆ ಪೆಡ್, ಅದು ಶಬ್ದದ ಕೊನೆಗೆ ಬಂದರೆ ಪೀಡ್. ಮಲಗಿದ ಕಾಲು.

"ಸಾಮ್ನಿಪೀಡ್" ಎಂದೆ. ಬೋರ್ಡಿನ ಮೇಲೂ ಬರೆದೆ.

ಮರುದಿನ ನನ್ನ ತಾಸು ಶುರುವಾದ ಕೂಡಲೆ ಒಬ್ಬ ಎದ್ದು "ಸರ್, ಸಾಮ್ನಿಪೀಡ್" ಅಂದ. ಇಂಗ್ಲಿಷಿನಲ್ಲಿ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಹೊರಗೆ ಹೋಗಿ ನಾಲ್ಕು ಹೆಜ್ಜೆ ಓಡಾಡಿ ಬಾ ಎಂದೆ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬನ ಹಿಂದೆ ಮತ್ತೊಬ್ಬ. ಅರ್ಧ ತಾಸಿನಲ್ಲಿ ಹದಿನಾರು ಮಂದಿ ಅಂಗಳದಲ್ಲಿ ಕುಂಟುತ್ತಿದ್ದರು.

ನಮ್ಮ ಹೆಡ್‌ಮಾಸ್ತರರು ಹೈದರಾಬಾದಿನವರು. ತೂಕದ ಮನುಷ್ಯ, ಆದರೆ ಬೀಮಾರಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಪ್ಲೇಗಿನ ಹೆದರಿಕೆಗೆ ಸದಾ ಕೊರಳಿಗೆ ಕರ್ಪೂರದ ಗಂಟು ಕಟ್ಟಿಕೊಂಡಿರುತ್ತಿದ್ದರು. ಕಿಟಕಿಯಿಂದ ಅಂಗಳ ನೋಡಿ ನನ್ನನ್ನು ಕರೆಸಿದರು.

"ಏನಾಗ್ಯಾದ ಇವರಿಗೆ?"

"ಸಾಮ್ನಿಪೀಡ್ ಅಂತಾರ್ರಿ ಇದಕ್ಕ."

ಅವರು ಮೂಗಿಗೆ ಕರ್ಪೂರ ಹಿಡಿದುಕೊಂಡರು. "ಎಷ್ಟು ಮಂದಿಗೆ ಬಂದದ?"

"ಹದಿನಾರು ಮಂದಿಗ್ರಿ."

"ನಿನ್ನೆ ಎಷ್ಟಿತ್ತು?"

ಸುಳ್ಳು ಹೇಳುವ ಅಭ್ಯಾಸ ನನಗಿರಲಿಲ್ಲ. "ನಿನ್ನೆ ಒಬ್ಬನಿಗೇ ಇತ್ತುರಿ."

ಹತ್ತು ನಿಮಿಷದಲ್ಲಿ ಶಾಲೆ ಖಾಲಿ. ಮೂರು ದಿನ ರಜೆ. ಗೋಡೆಗೆಲ್ಲ ಸುಣ್ಣ ಬಳಿಸಿದರು, ಕೋಣೆ ಕೋಣೆಗೆ ಬೇವಿನ ಹೊಗೆ ಹಾಕಿಸಿದರು. ಅದು ಜೋಮು ಎಂದು ಹೇಳಲು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಹೊಗೆ ಒಳಗೆ ಹೋಗಿ ಕೆಮ್ಮು ಬಂತು. ನಾನು ಕೆಮ್ಮಿದ್ದು ನೋಡಿ ಅವರು ಇನ್ನಷ್ಟು ದೂರ ಸರಿದರು.

ನಾಲ್ಕನೆಯ ದಿನ ಶಾಲೆ ತೆರೆಯಿತು. ಮಧ್ಯಾಹ್ನ ಹೆಡ್‌ಮಾಸ್ತರರ ಕೋಣೆಯಿಂದ ಕ್ಷೀಣ ದನಿ ಕೇಳಿತು. ಹೋಗಿ ನೋಡಿದರೆ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತವರು ಏಳಲಾರದೆ ಮುಖ ಬಿಳಿಚಿಕೊಂಡಿದ್ದಾರೆ.

"ಮಾಸ್ಟರ್, ನನಗೂ ಹತ್ತಿತು."

ನಾನು ಕೆಳಗೆ ಕುಳಿತು ಅವರ ಪಾದ ಹಿಡಿದು ಚೆನ್ನಾಗಿ ತಿಕ್ಕಿದೆ. ಎರಡು ನಿಮಿಷಕ್ಕೆ ಎದ್ದು ನಿಂತು ಕೋಣೆಯಲ್ಲಿ ಓಡಾಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇಷ್ಟು ದೊಡ್ಡ ಹೆಸರಿನ ಬೀಮಾರಿಗೆ ಇಷ್ಟು ಸಣ್ಣ ಇಲಾಜು. ಇಂಗ್ರೇಜರು ಭಾಳ ಮುಂದ ಹೋಗ್ಯಾರ ನೋಡ್ರಿ."

೨. ಚಿತ್ತಾಪುರಕ್ಕೆ ಬಂದ ಸಾಹೇಬರು

ಎರಡು ವರ್ಷಕ್ಕೆ ಚಿತ್ತಾಪುರಕ್ಕೆ ವರ್ಗವಾಯಿತು. ಅಲ್ಲಿಯ ವಿದ್ಯಾರ್ಥಿಗಳಿಗೆ ಮನೆಯ ಸಾಮಾನಿಗೆಲ್ಲ ಇಂಗ್ಲಿಷ್ ಹೆಸರು ಬೇಕು. ರೊಟ್ಟಿಗೆ ಬ್ರೆಡ್ ಅಂದೆ. ಒಬ್ಬ ಒಪ್ಪಲಿಲ್ಲ.

"ಬ್ರೆಡ್ಡು ಮೆತ್ತಗಿರ್ತದಂತ್ರಿ. ನಾವು ತಿನ್ನೋದು ಖಡಕ್ ರೊಟ್ಟಿ."

ಅವನ ಮಾತು ನ್ಯಾಯವಾಗಿತ್ತು. ಜೋಳದ ಖಡಕ್ ರೊಟ್ಟಿ ಹಲ್ಲು ಮುರಿಯುವಂಥದ್ದು. ಹಲ್ಲಿಗೆ ಡೆಂಟ್, ಮುರಿಯುವುದಕ್ಕೆ ಫ್ರಾಕ್ಟ್. "ಡೆಂಟಿಫ್ರಾಕ್ಟ್" ಎಂದು ಬರೆಸಿದೆ. ಎಲ್ಲರೂ ಬಾಯಿಪಾಠ ಮಾಡಿದರು.

ಮುಂದಿನ ತಿಂಗಳು ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ವಿಲಾಯತಿಯಲ್ಲಿ ಓದಿ ಬಂದವರು. ನನ್ನ ತರಗತಿಗೆ ಬಂದು ಮುಂದಿನ ಸಾಲಿನವನೊಬ್ಬನನ್ನು ಎಬ್ಬಿಸಿ, ಬೆಳಿಗ್ಗೆ ಏನು ತಿಂದು ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಎದೆ ಸೆಟೆಸಿ, ಎರಡು ಡೆಂಟಿಫ್ರಾಕ್ಟ್ ತಿಂದೆ ಎಂದು ಸ್ವಚ್ಛ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ.

ನನ್ನ ನೌಕರಿ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಾಹೇಬರು ಮೊದಲು ಅವನನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಬಹಳ ಹೊತ್ತು ಮಾಳಿಗೆಯ ತೊಲೆಯನ್ನು. ಹೆಡ್‌ಮಾಸ್ತರರು, ಗುಮಾಸ್ತರು, ಚಪರಾಸಿ ಎಲ್ಲರೂ ಸಾಹೇಬರ ಬಾಯಿಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು.

ಕೊನೆಗೆ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಶಬ್ದ ಸರಿ ಅದ. ಉಚ್ಚಾರ ತಪ್ಪು. ಕಡೀಕ ಒತ್ತಿ ಹೇಳಬೇಕು."

ಇಡೀ ತರಗತಿಯಿಂದ ಮೂರು ಸಲ ಹೇಳಿಸಿದರು. ನಾನೂ ಹೇಳಿದೆ. ನಾನೇ ಹೆತ್ತ ಕೂಸಿನ ಹೆಸರು ಕರೆಯುವುದನ್ನು ಇನ್ನೊಬ್ಬರಿಂದ ಕಲಿತ ಹಾಗಿತ್ತು.

ಮಧ್ಯಾಹ್ನ ಹೆಡ್‌ಮಾಸ್ತರರ ಮನೆಯಲ್ಲಿ ಊಟ. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ಖಡಕ್ ರೊಟ್ಟಿ. ಸಾಹೇಬರು ಕೇಳಿದರು, ಇದೇ ಏನು ಅದು? ಹೌದ್ರಿ, ಇದೇ ಡೆಂಟಿಫ್ರಾಕ್ಟ್ ಎಂದರು ಹೆಡ್‌ಮಾಸ್ತರರು. ಸಾಹೇಬರು ಒಂದು ತುಂಡು ಮುರಿದು ಬಾಯಿಗಿಟ್ಟರು. ಕಟಕ್ ಎಂದ ಸಪ್ಪಳ ನನಗೂ ಕೇಳಿತು. ಮುರಿದದ್ದು ರೊಟ್ಟಿಯೋ ಹಲ್ಲೋ ತಿಳಿಯಲಿಲ್ಲ. ಅವರು ದವಡೆ ಹಿಡಿದುಕೊಂಡರು.

"ಲಂಡನ್ನಿನ ಹೋಟೆಲಿನ್ಯಾಗ ಕೊಡೋ ಡೆಂಟಿಫ್ರಾಕ್ಟ್, ಇದಕ್ಕಿಂತ ಸ್ವಲ್ಪ ಮೆತ್ತಗಿರ್ತಾವ" ಎಂದರು.

೩. ಶಹಾಬಾದಿನ ಹತ್ತಿರ ಹೆಣ್ಣು ನೋಡಿದ್ದು

ನನಗೆ ಹೆಣ್ಣು ನೋಡಿದ್ದು ಶಹಾಬಾದಿನ ಮಗ್ಗುಲಿನ ಭಂಕೂರಿನಲ್ಲಿ. ಹುಡುಗಿಯ ತಂದೆ ಫರಸಿಕಲ್ಲಿನ ವ್ಯಾಪಾರಿ. ಮಗಳನ್ನು ಮಿಶನ್ನಿನವರ ಶಾಲೆಗೆ ಕಳಿಸಿ ಓದಿಸಿದ್ದರು. ಮಗಳಿಗಿಂತ ಹೆಚ್ಚು ಓದಿದವನೇ ಅಳಿಯನಾಗಬೇಕು ಅನ್ನುವುದು ಅವರ ಹಟ. ಇಬ್ಬರು ಗಂಡುಗಳು ಅದಾಗಲೇ ವಾಪಸು ಹೋಗಿದ್ದರು.

"ಶರಣ್ರಿ, ಬರ್ರಿ, ಕುಂದ್ರಿ" ಎಂದು ಗಾದಿಯ ಮೇಲೆ ಕೂಡಿಸಿದರು. ಹುಡುಗಿ ಬಂದು ಎದುರಿಗೆ ಕುಳಿತಳು. ತಲೆ ಎತ್ತಿ ಒಂದೇ ಒಂದು ಸಲ ನೋಡಿದಳು. ಅಷ್ಟರಲ್ಲೇ ನನಗೆ ಇದೇ ಮನೆ ಆಗಲಿ ಅನ್ನಿಸಿಬಿಟ್ಟಿತು.

ನಡುವೆ ಕುಳಿತಿದ್ದ ಅವಳ ಅಜ್ಜಿಗೆ ಬೆಳಗಿನಿಂದ ಬಿಕ್ಕಳಿಕೆ. ಸಕ್ಕರೆ ತಿಂದರೂ, ನೀರು ಕುಡಿದರೂ ನಿಂತಿರಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, "ತಮ್ಮಾ, ಇಂಗ್ಲಿಷ್ ಮಾಸ್ತರ ಅಂತಾರ. ಈ ಬಿಕ್ಕಳಿಕಿಗೆ, ಹಕ್, ಅವರ ಮಾತಿನ್ಯಾಗ ಏನಂತಾರ?" ಎಂದು ಕೇಳಿದಳು.

ಹುಡುಗಿಯ ತಂದೆ ಮುಂದಕ್ಕೆ ಬಾಗಿದರು. ಗೊತ್ತಿಲ್ಲ ಅಂದರೆ ಮೂರನೆಯ ಗಂಡೂ ವಾಪಸು. ಹಣೆಯಲ್ಲಿ ಬೆವರು ಬಂತು. ಎದೆಗೆ ಪೆಕ್ಟೋ. ಜಿಗಿಯುವುದಕ್ಕೆ ಸಾಲ್ಟ್. ಎದೆ ಜಿಗಿಯುವುದಲ್ಲವೆ ಬಿಕ್ಕಳಿಕೆ?

"ಪೆಕ್ಟೋಸಾಲ್ಟ್ ಅಂತಾರ್ರಿ."

ಅಷ್ಟು ಗಡಸು ಶಬ್ದ ಅಜ್ಜಿ ಜನ್ಮದಲ್ಲಿ ಕೇಳಿರಲಿಲ್ಲವೇನೋ, ಬೆಚ್ಚಿಬಿದ್ದಳು. ಬೆಚ್ಚಿದ್ದಕ್ಕೆ ಬಿಕ್ಕಳಿಕೆ ನಿಂತುಹೋಯಿತು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು, ಭುಜ ಅಲುಗುತ್ತಿದ್ದವು. ನಾಚಿಕೆ ಎಂದುಕೊಂಡೆ. ಅಂದೇ ಸಂಜೆ ಮಾತು ಗಟ್ಟಿಯಾಯಿತು.

ಮದುವೆಯಾಗಿ ಎಂಟು ದಿನಕ್ಕೆ ಊಟಕ್ಕೆ ಬಡಿಸುತ್ತ ಹೆಂಡತಿ ಹೇಳಿದಳು: "ಬಿಕ್ಕಳಿಕಿಗೆ ಹಿಕಪ್ ಅಂತಾರ್ರಿ. ನಮ್ಮ ಸಾಲಿ ಪುಸ್ತಕದಾಗ ಇತ್ತು."

ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು. "ಮತ್ತ ಆವತ್ತು ಯಾಕ ಹೇಳಲಿಲ್ಲ?"

"ಹೇಳಿದ್ರ ನಮ್ಮಪ್ಪ ನಿಮ್ಮನ್ನ ಎಬ್ಬಿಸಿ ಕಳಸ್ತಿದ್ದ. ನಿಮಗಿಂತ ಮೊದಲ ಬಂದವರು, ಹೆಣ್ಣುಮಕ್ಕಳಿಗೆ ಇಷ್ಟೆಲ್ಲ ಯಾಕ ಓದಸೀರಿ ಅಂತ ಬೈದು ಹೋಗಿದ್ರು. ನೀವು ಪಾಪ, ಬೆವತು ಬೆವತು ಒಂದು ಶಬ್ದ ಕಟ್ಟಿಕೊಟ್ರಿ. ನನಗ ಅದೇ ಸಾಕನಿಸ್ತು."

ನಾನು ತಲೆ ತಗ್ಗಿಸಿ ಉಂಡೆ. ಅವಳೇ ಮುಂದುವರಿಸಿದಳು: "ಆದ್ರ ಊರಾಗ ಯಾರ ಮುಂದೂ ಖರೆ ಹೇಳಬ್ಯಾಡ್ರಿ. ಭಂಕೂರಿನ್ಯಾಗ ಈಗ ಯಾರಿಗೆ ಬಿಕ್ಕಳಿಕಿ ಬಂದ್ರೂ ನಮ್ಮಜ್ಜಿ ಹಿಂದಿನಿಂದ ಹೋಗಿ ಕಿವ್ಯಾಗ ಪೆಕ್ಟೋಸಾಲ್ಟ್ ಅಂತ ಒದರ್ತಾಳ. ನಾಲ್ಕು ಮಂದಿಗೆ ನಿಂತಾವಂತ."

೪. ಸುಲೇಪೇಟದ ತಲೆಎಣ್ಣೆ

ಆಮೇಲೆ ಚಿಂಚೋಳಿಗೆ ವರ್ಗ. ಹೆಂಡತಿ ಬಂದ ಮೇಲೆ ನನ್ನ ಶಬ್ದಗಳಿಗೆ ಕಡಿವಾಣ ಬಿದ್ದಿತ್ತು. ಯಾವುದೇ ಶಬ್ದ ಅವಳ ಕಿವಿ ದಾಟಿಯೇ ಹೊರಗೆ ಹೋಗಬೇಕಿತ್ತು. ಆದರೆ ಬಾಣಂತನಕ್ಕೆಂದು ಅವಳು ತವರಿಗೆ ಹೋದಳು. ಅದೇ ಸಮಯಕ್ಕೆ ಸುಲೇಪೇಟದ ಒಬ್ಬ ಅಂಗಡಿಕಾರ ನನ್ನನ್ನು ಹುಡುಕಿಕೊಂಡು ಬಂದ.

ಕೂದಲು ಬೆಳೆಯುವ ಎಣ್ಣೆ ಕಾಸುತ್ತಿದ್ದ. ಕರಿಬೇವು, ಭೃಂಗರಾಜ, ಇನ್ನೂ ಏನೇನೋ. ಅವನ ತಲೆ ಮಾತ್ರ ಫರಸಿಕಲ್ಲಿನಂತೆ ನುಣುಪಾಗಿತ್ತು.

"ನೀವ್ಯಾಕ ಹಚ್ಚಿಕೊಳ್ಳೋದಿಲ್ಲ?" ಎಂದು ಕೇಳಿದೆ.

"ಮಾಡೋರೇ ಹಚ್ಚಿಕೊಂಡ್ರ ಗಿರಾಕಿಗೆ ಏನು ಉಳೀತದ್ರಿ? ಅದಿರ್ಲಿ, ವಾಡಿ ಟೇಶನ್ನಿನ ಅಂಗಡ್ಯಾಗ ಇಡಬೇಕಂತ ಮಾಡೀನಿ. ಅಲ್ಲಿ ರೈಲ್ವೆ ಸಾಹೇಬರು ಭಾಳ. ಇಂಗ್ಲಿಷ್ ಹೆಸರು ಬೇಕು. ಒಂದು ಕೊಡ್ರಿ."

ಕೂದಲಿಗೆ ಕ್ಯಾಪಿಲ್ಲಿ. ಅದು ಸರಿಯಾಗಿಯೇ ನೆನಪಿತ್ತು. ಕಾಪಾಡುವುದಕ್ಕೆ? ಪುಸ್ತಕ ತೆರೆದು ನೋಡಬಹುದಿತ್ತು. ಆದರೆ ಪುಸ್ತಕ ನೋಡುವ ಚಟ ಬಿಟ್ಟು ಬಹಳ ದಿನವಾಗಿತ್ತು. ಇಂಗ್ಲಿಷಿನಲ್ಲಿ ರೆಫ್ಯೂಜ್ ಅಂದರೆ ಆಶ್ರಯ. ಹಾಗಾದರೆ ಫ್ಯೂಜ್ ಅಂದರೆ ಆಶ್ರಯ ಕೊಡುವುದೇ ಇರಬೇಕು. "ಕ್ಯಾಪಿಲ್ಲಿಫ್ಯೂಜ್" ಎಂದು ಚೆಂದಾಗಿ ಬರೆದುಕೊಟ್ಟೆ. ಅವನು ಗುಲ್ಬರ್ಗಾಕ್ಕೆ ಹೋಗಿ ಸೀಸೆಗೆ ಅಂಟಿಸುವ ಚೀಟಿ ಅಚ್ಚು ಹಾಕಿಸಿದ. ಚೀಟಿಯ ಮೇಲೆ ಆ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಎಣ್ಣೆ ತಾನೇ ಮಾತಾಡುತ್ತದೆ ಅನ್ನುವುದು ಅವನ ನಂಬಿಕೆ.

ನಾಲ್ಕು ತಿಂಗಳಿಗೆ ಹೆಂಡತಿ ಕೂಸಿನೊಂದಿಗೆ ಬಂದಳು. ಅವಳು ಬಂದ ಮರುದಿನವೇ ಅಂಗಡಿಕಾರನೂ ಬಂದ, ಕೈಯಲ್ಲೊಂದು ಇಂಗ್ಲಿಷ್ ಕಾಗದ ಹಿಡಿದು. ಮುಖದಲ್ಲಿ ನೆತ್ತರಿರಲಿಲ್ಲ.

"ವಾಡಿಯ ಅಂಗಡಿಯವ ಕಳಿಸ್ಯಾನ್ರಿ. ರೈಲ್ವೆ ಗಾರ್ಡ್ ಸಾಹೇಬರ ಹೆಂಡತಿ ಬರದಾರಂತ. ಪೋಲೀಸರ ಕೈಗೆ ಕೊಡ್ತಾರೋ ಏನೋ. ಓದಿ ಹೇಳ್ರಿ."

ನಾನು ಕಾಗದ ಬಿಡಿಸಿ ಓದಿದೆ. ಆ ತಾಯಿಯ ಮೇಲ್ತುಟಿಯ ಮೇಲೆ ಎಳೆಯ ಕೂದಲಿದ್ದವಂತೆ. ಕನ್ನಡಿ ನೋಡಿದಾಗಲೆಲ್ಲ ಬೇಸರ. ಅಂಗಡಿಯಲ್ಲಿ ಕ್ಯಾಪಿಲ್ಲಿಫ್ಯೂಜ್ ಎಂಬ ಹೆಸರು ನೋಡಿ ಕೂದಲು ಓಡಿಸುವ ಔಷಧಿ ಎಂದು ತಿಳಿದು ಒಂದು ಸೀಸೆ ಖರೀದಿ ಮಾಡಿದರು. ಇಂಗ್ಲಿಷಿನಲ್ಲಿ ಜ್ವರ ಓಡಿಸುವ ಔಷಧಿಗೆ ಫೆಬ್ರಿಫ್ಯೂಜ್ ಅಂತಾರಂತೆ, ಹೊಟ್ಟೆಹುಳ ಓಡಿಸುವ ಔಷಧಿಗೆ ವರ್ಮಿಫ್ಯೂಜ್. ರೈಲ್ವೆ ಡಾಕ್ಟರರೂ ಹೆಸರು ನೋಡಿ ಹೌದು ಅಂದರಂತೆ. ದಿನಕ್ಕೆರಡು ಸಲ ತುಟಿಯ ಮೇಲೆ ತಪ್ಪದೆ ತಿಕ್ಕಿದರು.

ಹೆಂಡತಿ ಒಳಗಿನಿಂದ ಪಾದ್ರಿಯ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟಳು. ಫ್ಯೂಜ್ ಎಂದರೆ ಓಡು, ಓಡಿಸು. ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಿಂತಳು.

ನಾನು ಕೈಮುಗಿದು ಅಂಗಡಿಕಾರನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ತಪ್ಪು ನಂದೇ ಅದ. ನಿಮ್ಮ ಎಣ್ಣಿದೇನೂ ತಪ್ಪಿಲ್ಲ. ನಾನೇ ವಾಡಿಗೆ ಹೋಗಿ ಆ ತಾಯಿಯವರ ಮುಂದ ತಪ್ಪಾತು ಅಂತೀನಿ."

ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅವರು ಹಚ್ಚಿಕೊಂಡ ಮ್ಯಾಲ ಏನಾಯ್ತು? ಅದನ್ನ ಓದ್ರಿ."

"ಮೀಸಿ ಬಂದಾವಂತ. ಗಂಡನ ಮೀಸಿಗಿಂತ ದಟ್ಟ ಆಗ್ಯಾವಂತ."

"ಹಂಗಂತ ಖರೇನ ಬರದಾರ?"

"ಬರದಾರ."

"ಕೆಳಗ ಸಹಿ ಅದ?"

"ಅದ."

ಅವನು ನನ್ನ ಕೈಯಿಂದ ಕಾಗದ ಮೆಲ್ಲಗೆ ಬಿಡಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಚಹಾ ಕುಡಿಯಲೂ ನಿಲ್ಲಲಿಲ್ಲ.

ನಾನು ಮಾತು ಕೊಟ್ಟಂತೆ ವಾಡಿಗೆ ಹೋಗಿ ಬಂದೆ. ಆ ತಾಯಿ ಮೊದಲು ಬೈದರು, ಆಮೇಲೆ ರೆಫ್ಯೂಜಿನ ಕಥೆ ಕೇಳಿ ನಕ್ಕರು. ಉಳಿದ ಎಣ್ಣೆಯನ್ನು ಬೋಳುತಲೆಯ ಗಂಡನಿಗೆ ಹಚ್ಚುತ್ತಿದ್ದೇನೆ ಎಂದರು. ವಾಪಸು ಬರುವಾಗ ಸುಲೇಪೇಟದಲ್ಲಿ ಇಳಿದು ಅಂಗಡಿಗೆ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಾದಿಯ ಹಿಂದಿನ ಗೋಡೆಯ ಮೇಲೆ ಆ ಕಾಗದ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು, ಮೇಲೊಂದು ಸೇವಂತಿಗೆ ಹಾರ.

ಕಚೇರಿಯ ಪೇಶಕಾರರೊಬ್ಬರು ರುಮಾಲು ತೆಗೆದು ಬೋಳುತಲೆ ಸವರಿಕೊಳ್ಳುತ್ತ, "ಏನಪ್ಪಾ ಅದು, ಸರಕಾರಿ ಸರ್ಟಿಫಿಕೇಟೇನು?" ಎಂದು ಕೇಳುತ್ತಿದ್ದರು.

"ಅಲ್ರಿ. ವಾಡಿಯ ಗಾರ್ಡ್ ಸಾಹೇಬರ ಹೆಂಡತಿ ತಮ್ಮ ಕೈಲೇ ಬರದು ಕಳಿಸ್ಯಾರ, ಈ ಎಣ್ಣಿ ಹಚ್ಚಿಕೊಂಡು ಮೀಸಿ ಬಂದಾವಂತ" ಎಂದ ಅಂಗಡಿಕಾರ, ಸೀಸೆಯನ್ನು ಅವರ ಮುಂದೆ ಸರಿಸುತ್ತ. "ಕೂದಲು ಬ್ಯಾಡ ಬ್ಯಾಡ ಅಂದವರಿಗೇ ಇಷ್ಟು ಬಂದಾವ. ಬೇಕು ಅಂತ ಹಚ್ಚಿಕೊಂಡವರಿಗೆ ಎಷ್ಟು ಬರಬೇಕು, ನೀವೇ ವಿಚಾರ ಮಾಡ್ರಿ."